ಗೋಡೆ ಕೊರೆಯುವ ಮೊದಲು: ಹಾಲ್‌ನಲ್ಲಿ ಹೋಮ್ ಥಿಯೇಟರ್ ಮಾಡಿಸುವವರಿಗೆ ಒಂದು ಬಹಿರಂಗ ಪತ್ರ

ಹೊಸ ಫ್ಲ್ಯಾಟಿನ ಬೀಗದ ಕೈ ಪಡೆದು, ಹಾಲ್‌ನಲ್ಲಿ ಒಳ್ಳೆಯದೊಂದು ಹೋಮ್ ಥಿಯೇಟರ್ ಇರಲಿ ಎಂದು ಆಸೆಪಟ್ಟಿರುವ ಎಲ್ಲರಿಗೂ,



ಬೆಂಗಳೂರಿನಲ್ಲಿ ಮನೆಮನೆಗೆ ಹೋಗಿ ಸ್ಪೀಕರ್ ಜೋಡಿಸಿ ಧ್ವನಿ ಹೊಂದಿಸಿಕೊಡುವುದು ನನ್ನ ಕಸುಬು. ಗೃಹಪ್ರವೇಶಕ್ಕೆ ಇನ್ನೇನು ಎರಡು ತಿಂಗಳಿದೆ ಅನ್ನುವಾಗ ನಿಮ್ಮಲ್ಲಿ ಹಲವರು ಇಂಟೀರಿಯರ್ ಡ್ರಾಯಿಂಗನ್ನು ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿ, ‘ಸ್ವಲ್ಪ ನೋಡಿ ಹೇಳಿ ಸಾರ್’ ಅನ್ನುತ್ತೀರಿ. ಟಿವಿ ಎಷ್ಟು ಎತ್ತರದಲ್ಲಿ, ಸೋಫಾ ಯಾವ ಗೋಡೆಗೆ, ದೇವರ ಕೋಣೆಯ ಬಾಗಿಲು ಯಾವ ಕಡೆಗೆ ತೆರೆಯುತ್ತದೆ ಎಂಬುದೆಲ್ಲ ಅದರಲ್ಲಿ ಇಂಚಿನ ಲೆಕ್ಕದಲ್ಲಿ ಇರುತ್ತದೆ. ಸಬ್‌ವೂಫರ್ ಮಾತ್ರ ಟಿವಿ ಯೂನಿಟ್ಟಿನ ಕೆಳಗಿನ ಒಂದು ಖಾನೆಯಲ್ಲಿ, ಪ್ಲೈವುಡ್ ಬಾಗಿಲಿನ ಹಿಂದೆ ಕೂತಿರುತ್ತದೆ. ಇಡೀ ಹಾಲ್‌ನಲ್ಲಿ ಅದಕ್ಕೆಂದು ಇರುವ ಪ್ಲಗ್ ಪಾಯಿಂಟೂ ಅದೊಂದೇ. ಬಡಗಿ ಕೆಲಸ ಮುಗಿಸಿ, ಪೇಂಟು ಒಣಗಿ, ಸಾಮಾನೆಲ್ಲ ಬಂದ ಮೇಲೆ ‘ಬೇಸ್ ಸರಿಯಿಲ್ಲ’ ಅಂತ ಫೋನ್ ಬರುತ್ತದೆ. ಆಗ ಮಾಡಬಹುದಾದದ್ದು ಬಹಳ ಕಡಿಮೆ.

ಹಾಗಾಗಿ ಈ ಪತ್ರದಲ್ಲಿ ನಾನು ನಿಮ್ಮನ್ನು ಕೇಳಿಕೊಳ್ಳುವುದು ಇಷ್ಟು: ಸಬ್‌ವೂಫರ್ ಎಲ್ಲಿ ಕೂರಬೇಕು ಅನ್ನುವುದನ್ನು ಡ್ರಾಯಿಂಗಿನ ಮೇಲೆ ತೀರ್ಮಾನ ಮಾಡಬೇಡಿ. ಅದನ್ನು ನಿಮ್ಮ ಕೋಣೆಯೇ ಹೇಳಬೇಕು, ಸೋಫಾ ಬಂದ ಮೇಲೆ ಹೇಳಬೇಕು. ಅಲ್ಲಿಯ ತನಕ ನಾಲ್ಕು ಜಾಗಗಳನ್ನು ತೆರೆದಿಟ್ಟುಕೊಳ್ಳಿ. ಎಷ್ಟು ದೊಡ್ಡ ಸಬ್‌ವೂಫರ್, ಯಾವ ಕಂಪನಿಯದು ಅನ್ನುವ ಪ್ರಶ್ನೆಗಳೆಲ್ಲ ಇದರ ನಂತರದವು.

ಅಂಗಡಿಗೆ ಹೋದರೆ ಇದಕ್ಕೆ ವಿರುದ್ಧವಾದ ಮಾತೊಂದನ್ನು ಕೇಳುತ್ತೀರಿ: ‘ಬೇಸ್‌ಗೆ ದಿಕ್ಕಿಲ್ಲ ಸಾರ್, ಎಲ್ಲಿಟ್ಟರೂ ಒಂದೇ.’ ಇದರ ಮೊದಲರ್ಧ ನಿಜ. ಸುಮಾರು 80 ಹರ್ಟ್ಜ್‌ಗಿಂತ ಕೆಳಗಿನ ಸದ್ದು ಯಾವ ದಿಕ್ಕಿನಿಂದ ಬಂತೆಂದು ನಮ್ಮ ಕಿವಿಗೆ ಗುರುತಿಸಲಾಗುವುದಿಲ್ಲ. ಲ್ಯೂಕಸ್‌ಫಿಲ್ಮ್‌ನಲ್ಲಿ 1983ರಲ್ಲಿ ಹುಟ್ಟಿದ ಟಿಎಚ್‌ಎಕ್ಸ್ ಎಂಬ ಸಿನಿಮಾ ಧ್ವನಿ ಮಾನದಂಡ ತನ್ನ ಹೋಮ್ ಥಿಯೇಟರ್ ವ್ಯವಸ್ಥೆಯಲ್ಲಿ ಸಬ್‌ವೂಫರಿಗೂ ಉಳಿದ ಸ್ಪೀಕರುಗಳಿಗೂ ನಡುವೆ 80 ಹರ್ಟ್ಜ್‌ನ ಗಡಿಯನ್ನು ಆರಿಸಿಕೊಂಡಿದ್ದಕ್ಕೆ ಇದೊಂದು ಮುಖ್ಯ ಕಾರಣ. ಆದರೆ ದಿಕ್ಕು ತಿಳಿಯದು ಎಂದ ಮಾತ್ರಕ್ಕೆ ಜಾಗ ಮುಖ್ಯವಲ್ಲ ಎಂದಾಗುವುದಿಲ್ಲ. ಜಾಗ ಬದಲಾದರೆ ನೀವು ಕೂತಲ್ಲಿ ಕೇಳುವ ಸದ್ದಿನ ಪ್ರಮಾಣವೇ ಬದಲಾಗುತ್ತದೆ, ಅದೂ ಸ್ವರಸ್ವರಕ್ಕೂ ಬೇರೆಬೇರೆಯಾಗಿ.

ಹೇಗೆ ಅಂತ ಸ್ವಲ್ಪ ನಿಧಾನವಾಗಿ ನೋಡೋಣ. ನಮ್ಮ ಹವೆಯಲ್ಲಿ ಸದ್ದು ಸೆಕೆಂಡಿಗೆ ಸುಮಾರು 345 ಮೀಟರ್ ಹೋಗುತ್ತದೆ. 1000 ಹರ್ಟ್ಜ್‌ನ ಸದ್ದಿನ ಒಂದು ಅಲೆಯ ಉದ್ದ ಒಂದಡಿಗಿಂತ ಚೂರು ಹೆಚ್ಚು. 80 ಹರ್ಟ್ಜ್‌ಗೆ ಬಂದರೆ ಅದು 14 ಅಡಿ, 20 ಹರ್ಟ್ಜ್‌ಗೆ ಇಳಿದರೆ 56 ಅಡಿ ಮೀರುತ್ತದೆ. ನಿಮ್ಮ ಹಾಲ್ ಇರುವುದು 12 ಅಡಿ ಅಗಲ, 16 ಅಡಿ ಉದ್ದ, ಒಂಬತ್ತೂವರೆ ಅಡಿ ಎತ್ತರ ಎಂದಿಟ್ಟುಕೊಳ್ಳಿ. ಅಲೆಯ ಅರ್ಧ ಉದ್ದ ಎರಡು ಗೋಡೆಗಳ ನಡುವಿನ ದೂರಕ್ಕೆ ಸರಿಯಾಗಿ ಹೊಂದುವ ಕಡೆ ಆ ಸ್ವರ ಗೋಡೆಯಿಂದ ಗೋಡೆಗೆ ಅಪ್ಪಳಿಸುತ್ತ ತನ್ನನ್ನು ತಾನೇ ಬೆಳೆಸಿಕೊಳ್ಳುತ್ತದೆ. ಈ ಹಾಲ್‌ನಲ್ಲಿ ಉದ್ದಕ್ಕೆ 35 ಹರ್ಟ್ಜ್, ಅಗಲಕ್ಕೆ 47, ಎತ್ತರಕ್ಕೆ 60. ಇವುಗಳ ಎರಡರಷ್ಟು, ಮೂರರಷ್ಟರಲ್ಲಿ ಮತ್ತಷ್ಟು. ತುಂಬಿದ ಹಂಡೆಯನ್ನು ಹೊತ್ತು ನಡೆದಾಗ ನೀರು ಈ ಅಂಚಿನಿಂದ ಆ ಅಂಚಿಗೆ ತೂಗುತ್ತದಲ್ಲ, ಅಂಚುಗಳಲ್ಲಿ ನೀರು ಏರಿಳಿಯುತ್ತಿದ್ದರೂ ನಟ್ಟನಡುವೆ ಮಟ್ಟ ಕದಲುವುದೇ ಇಲ್ಲ. ಕೋಣೆಯ ಗಾಳಿಯೂ ಹಾಗೆಯೇ. 35 ಹರ್ಟ್ಜ್‌ನ ಸದ್ದು ಮುಂದಿನ ಗೋಡೆ, ಹಿಂದಿನ ಗೋಡೆಗಳ ಬುಡದಲ್ಲಿ ಭೋರೆನ್ನುತ್ತದೆ. ಕೋಣೆಯ ನಡುವೆ ನಿಂತವನಿಗೆ ಹೆಚ್ಚುಕಡಿಮೆ ಇಲ್ಲವಾಗುತ್ತದೆ.

ಸಹಕಾರನಗರದ ಒಂದು ಮನೆಗೆ ಹೋಗಿದ್ದಾಗ ಇದನ್ನು ಮನೆಯವರೆಲ್ಲ ಕಣ್ಣಾರೆ ಕಂಡರು. ಬ್ಯಾಂಕಿನಿಂದ ನಿವೃತ್ತರಾದ ಯಜಮಾನರು 12 ಇಂಚಿನ ಸಬ್‌ವೂಫರ್ ಕೊಂಡು ತಂದಿದ್ದರು. ಹಾಲ್ ಅಳತೆ ನಾನು ಮೇಲೆ ಹೇಳಿದಷ್ಟೇ. ಓಡಾಡಲು ಹಿಂದೆ ಜಾಗವಿರಲಿ ಅಂತ ಸೋಫಾವನ್ನು ಟಿವಿಯಿಂದ ಎಂಟಡಿಗೆ, ಅಂದರೆ ಸರಿಯಾಗಿ ಮಧ್ಯಕ್ಕೆ ಹಾಕಿಸಿದ್ದರು. ‘ನನಗೆ ಬೇಸೇ ಕೇಳಿಸಲ್ಲ. ಅವಳು ಅಡುಗೆಮನೆ ಬಾಗಿಲಲ್ಲಿ ನಿಂತು ಕಿವಿ ಮುಚ್ಕೋತಾಳೆ’ ಅಂದರು. ‘ಡಬ್ಬಿಗಳೆಲ್ಲ ನಡುಗ್ತವೆ ಕಣಪ್ಪ’ ಅಂತ ಅವರ ಮನೆಯವರು ದನಿಗೂಡಿಸಿದರು. ಅಡುಗೆಮನೆಯ ಬಾಗಿಲಿದ್ದದ್ದು ಹಿಂದಿನ ಗೋಡೆಯಲ್ಲಿ. ಇಬ್ಬರೂ ಹೇಳಿದ್ದು ನಿಜವೇ. ಸೋಫಾದ ನಡುವಿನ ಸೀಟು ಉದ್ದಕ್ಕೂ ಅಗಲಕ್ಕೂ ಮಧ್ಯದಲ್ಲಿತ್ತು. 35 ಮತ್ತು 47 ಹರ್ಟ್ಜ್ ಎರಡೂ ಅಲ್ಲಿ ಕಾಣೆ. ಇಂಥ ಕಡೆ ಸಬ್‌ವೂಫರನ್ನು ಎಲ್ಲಿ ಹೊತ್ತೊಯ್ದು ಇಟ್ಟರೂ ಉಪಯೋಗವಿಲ್ಲ, ಮೊದಲು ಸೋಫಾ ಕದಲಬೇಕು. ಅದನ್ನು ಎರಡಡಿ ಹಿಂದಕ್ಕೆ ಸರಿಸಿ, ಯಜಮಾನರ ಸೀಟು ಅಗಲದ ಮಧ್ಯದಿಂದ ಸ್ವಲ್ಪ ಪಕ್ಕಕ್ಕೆ ಬರುವಂತೆ ಮಾಡಿದೆವು.

ಆಮೇಲೆ ಸಬ್‌ವೂಫರನ್ನೇ ಎತ್ತಿ ಆ ಸೀಟಿನ ಮೇಲೆ ಕೂರಿಸಿದೆ. ಅಮ್ಮನವರಿಗೆ ಗಾಬರಿ, ಹೊಸ ಸೋಫಾ ಬೇರೆ. ಕೆಳಗೊಂದು ಹಳೆಯ ಜಮಖಾನ ಹಾಸಿಕೊಟ್ಟರು. ಒಂದು ಬೇಸ್ ಗಿಟಾರಿನ ತುಣುಕನ್ನು ಮತ್ತೆಮತ್ತೆ ಹಾಕಿ, ಮಂಡಿಯೂರಿ, ಕಿವಿಯನ್ನು ನೆಲಕ್ಕೆ ಒಂದಡಿ ಎತ್ತರದಲ್ಲಿಟ್ಟುಕೊಂಡು ಗೋಡೆಗುಂಟ ತೆವಳುತ್ತ ಹೋದೆ. ಟಿವಿ ಯೂನಿಟ್ಟಿನ ಪಕ್ಕದ ಮೂಲೆಯಲ್ಲಿ ಎಲ್ಲ ಸ್ವರವೂ ಒಂದೇ ಗುಡುಗಿನಂತೆ ಕಲಸಿಹೋಗಿತ್ತು. ಬಾಲ್ಕನಿ ಬಾಗಿಲಿನ ಮುಂದೆ ಕೆಳಗಿನ ಸ್ವರ ಇತ್ತು, ಅದರ ಮೇಲಿನದು ಮಾಯ. ಎಡಗೋಡೆಯಲ್ಲಿ, ಮುಂದಿನಿಂದ ಐದಡಿಯ ಸುಮಾರಿಗೆ ಬಂದಾಗ ಸ್ವರಗಳು ಒಂದೊಂದಾಗಿ ಬಿಡಿಸಿಕೊಂಡು, ಸಮತೂಕದಲ್ಲಿ ಕೇಳತೊಡಗಿದವು. ಯಜಮಾನರನ್ನೂ ಕರೆದೆ. ಮಂಡಿ ನೋವಿದ್ದರೂ ಪಂಚೆ ಎತ್ತಿ ಕಟ್ಟಿ ಕೂತು ಕೇಳಿದರು, ‘ಇದೇ, ಇದೇ’ ಅಂದರು. ಸಬ್‌ವೂಫರನ್ನು ಅಲ್ಲಿಗೆ ತಂದು ಇಟ್ಟಾಯಿತು. ಆದರೆ ಆ ಗೋಡೆಯಲ್ಲಿ ಪ್ಲಗ್ ಪಾಯಿಂಟ್ ಇರಲಿಲ್ಲ. ಇವತ್ತಿಗೂ ಆ ಮನೆಯಲ್ಲಿ ಒಂದು ಎಕ್ಸ್‌ಟೆನ್ಷನ್ ವೈರು ಬಾಲ್ಕನಿಯ ಕಡೆಯಿಂದ ನೆಲದ ಮೇಲೆ ಹಾದುಬರುತ್ತದೆ.

ಸಬ್‌ವೂಫರನ್ನು ಸೀಟಿನಲ್ಲಿಟ್ಟು ನಾವು ಜಾಗ ಹುಡುಕುವುದು ಮೋಡಿಯಲ್ಲ. ಸದ್ದು ಹೊರಡುವ ಜಾಗ, ಕೇಳುವ ಜಾಗ ಎರಡನ್ನೂ ಅದಲುಬದಲು ಮಾಡಿದರೂ ಕೇಳಿಬರುವುದು ಅಷ್ಟೇ ಎಂಬುದನ್ನು ವಿಜ್ಞಾನಿಗಳಾದ ಹೆಲ್ಮ್‌ಹೋಲ್ಟ್ಸ್, ರೇಲೆ ಇಬ್ಬರೂ 19ನೇ ಶತಮಾನದಲ್ಲೇ ಬರೆದಿಟ್ಟಿದ್ದಾರೆ.  ಈ ಪರೀಕ್ಷೆಗೆ ಸಿನಿಮಾದ ಸ್ಫೋಟದ ದೃಶ್ಯ ಬೇಡ, ಅದರಲ್ಲಿ ಎಲ್ಲ ಸ್ವರವೂ ಒಟ್ಟಿಗೆ ಬಂದು ಏನೂ ತಿಳಿಯುವುದಿಲ್ಲ. ಬೇಸ್ ಗಿಟಾರು ಒಂದೊಂದೇ ಮೆಟ್ಟಿಲು ಹತ್ತಿಳಿಯುವ ಹಾಡು ಬೇಕು. 1981ರ ‘ಗೀತಾ’ ಚಿತ್ರಕ್ಕೆ ಇಳಯರಾಜ ಕೊಟ್ಟ ಹಾಡುಗಳು ಇದಕ್ಕೆ ನನಗೆ ಬಹಳ ಇಷ್ಟ. ಬೇಸ್ ಗಿಟಾರಿನ ಅತಿ ಕೆಳಗಿನ ತಂತಿ 41 ಹರ್ಟ್ಜ್‌ನದು. ಅದೇ ತಂತಿಯ ಎರಡನೇ ಫ್ರೆಟ್ ಒತ್ತಿದರೆ 46 ಚಿಲ್ಲರೆ. 12 ಅಡಿ ಅಗಲದ ಹಾಲ್‌ನ 47ಕ್ಕೆ ಅದು ತಾಗಿಕೊಂಡೇ ಇದೆ. ತಪ್ಪು ಜಾಗದಲ್ಲಿಟ್ಟ ಸಬ್‌ವೂಫರ್ ಆ ಒಂದು ಸ್ವರ ಬಂದಾಗ ಕಿಟಕಿ ಅಲ್ಲಾಡಿಸಿ, ಅಕ್ಕಪಕ್ಕದ ಸ್ವರಗಳನ್ನು ನುಂಗಿಹಾಕುತ್ತದೆ. ಸಂಗೀತ ಕಛೇರಿ ಕೇಳುವವರಿಗೂ ಇದು ಸಂಬಂಧಪಟ್ಟದ್ದೇ. ಒಂದು ಮನೆ ಶ್ರುತಿಗೆ ಕೂಡಿಸಿದ ತಂಬೂರಿಯ ಮಂದ್ರ ಷಡ್ಜ 65 ಹರ್ಟ್ಜ್‌ನ ಆಸುಪಾಸಿನಲ್ಲಿ ಇರುತ್ತದೆ, ಅಂದರೆ ಕೋಣೆಯ ಹಿಡಿತದೊಳಗೇ.

ಈಗ ನಮ್ಮ ಗೋಡೆಗಳ ವಿಚಾರ. ಇದನ್ನು ನಾನು ಒತ್ತಿ ಹೇಳಬೇಕು, ಯಾಕೆಂದರೆ ನೀವು ಓದುವ, ನೋಡುವ ಸಲಹೆಗಳಲ್ಲಿ ಹೆಚ್ಚಿನವು ಅಮೆರಿಕದವು. ಅಲ್ಲಿನ ಮನೆಗಳಿಗೆ ಮರದ ಚೌಕಟ್ಟು, ಅದರ ಮೇಲೆ ಅರ್ಧ ಇಂಚಿನ ಜಿಪ್ಸಮ್ ಹಲಗೆ. ಬೇಸ್ ಬಡಿದಾಗ ಆ ಹಲಗೆ ತಾನೂ ಅದುರಿ ಒಂದಿಷ್ಟು ಶಕ್ತಿಯನ್ನು ತಿಂದುಹಾಕುತ್ತದೆ, ಇನ್ನೊಂದಿಷ್ಟನ್ನು ಆಚೆಗೆ ಬಿಡುತ್ತದೆ. ನಮ್ಮಲ್ಲಿ ಆರಿಂಚು ಸಾಲಿಡ್ ಬ್ಲಾಕ್, ಮೇಲೆ ಕೆಳಗೆ ಆರ್‌ಸಿಸಿ, ನೆಲಕ್ಕೆ ವಿಟ್ರಿಫೈಡ್ ಟೈಲು. ಹೊಸ ಅಪಾರ್ಟ್‌ಮೆಂಟುಗಳಲ್ಲಂತೂ ಮೈವಾನ್ ಪದ್ಧತಿಯಲ್ಲಿ ಗೋಡೆಗಳನ್ನೂ ಕಾಂಕ್ರೀಟಿನಲ್ಲೇ ಎರಕ ಹೊಯ್ಯುತ್ತಾರೆ. ಇವು ಬೇಸನ್ನು ತಿನ್ನುವುದಿಲ್ಲ, ಹಿಂದಕ್ಕೆ ಎಸೆಯುತ್ತವೆ. ಹಾಗಾಗಿ ಉಬ್ಬುಗಳು ಇನ್ನೂ ಎತ್ತರ, ತಗ್ಗುಗಳು ಇನ್ನೂ ಆಳ, ಬಡಿದ ಸದ್ದು ನಿಲ್ಲುವುದೂ ತಡ. ಇಂಥ ಕೋಣೆಯಲ್ಲಿ ಒಂದೇ ಜಾಗದಲ್ಲಿ ಕೂತು ಅಳೆದರೂ ಒಂದು ಸ್ವರಕ್ಕೂ ಇನ್ನೊಂದಕ್ಕೂ 20 ಡೆಸಿಬಲ್ ವ್ಯತ್ಯಾಸ ಬರುವುದು ಸಾಮಾನ್ಯ. ಸಬ್‌ವೂಫರ್ ಎಷ್ಟೇ ದುಬಾರಿಯಾಗಿದ್ದರೂ ಇದನ್ನು ತಾನಾಗಿ ಸರಿಮಾಡದು.

ಪರದೆ ಹಾಕಿಸುತ್ತೇವೆ, ಫೋಮ್ ಅಂಟಿಸುತ್ತೇವೆ ಅನ್ನುವವರಿದ್ದೀರಿ. ಮೊಟ್ಟೆಯ ಟ್ರೇ ಅಂಟಿಸಿದ ಗೋಡೆಗಳನ್ನೂ ನೋಡಿದ್ದೇನೆ. ದಪ್ಪ ಪರದೆ, ಕಾರ್ಪೆಟ್ ಎರಡೂ ಮಾತಿನ ಪ್ರತಿಧ್ವನಿ ತಗ್ಗಿಸಲು ಒಳ್ಳೆಯವು, ಹಾಕಿಸಿ. ಆದರೆ 40 ಹರ್ಟ್ಜ್‌ನ ಅಲೆಯ ಕಾಲುಭಾಗವೇ ಏಳಡಿ ಇದೆ. ಒಂದಿಂಚಿನ ಫೋಮಿನ ಇರವು ಅದಕ್ಕೆ ಗೊತ್ತೇ ಆಗುವುದಿಲ್ಲ. ಮೊಟ್ಟೆಯ ಟ್ರೇಯಿಂದ ಬೇಸ್‌ಗೆ ಯಾವ ಪ್ರಯೋಜನವೂ ಇಲ್ಲ, ಬೆಂಕಿಯ ಅಪಾಯ ಬೇರೆ.

ಇನ್ನು ಗೋಡೆ ಕೊರೆಯುವವನಿಗೆ ಏನು ಹೇಳಬೇಕು ಅನ್ನುವುದು. ಮೊದಲು ಹೇಳಿದ ನಾಲ್ಕು ಜಾಗಗಳು ಇವು: ಟಿವಿ ಇರುವ ಗೋಡೆಯ ಮಧ್ಯ, ಅದಕ್ಕೆ ಎದುರಿನ ಗೋಡೆಯ ಮಧ್ಯ, ಒಂದು ಪಕ್ಕದ ಗೋಡೆಯಲ್ಲಿ ಮುಂದಿನಿಂದ ಮೂರನೇ ಒಂದು ಭಾಗದ ಹತ್ತಿರ, ಮತ್ತು ಮುಂದಿನ ಒಂದು ಮೂಲೆ. ಪ್ರತಿ ಜಾಗಕ್ಕೂ ಒಂದು ಸಾಧಾರಣ ಪ್ಲಗ್ ಪಾಯಿಂಟ್, ಜೊತೆಗೆ ರಿಸೀವರ್ ಇಡುವ ಕಡೆಯಿಂದ ಬೇರೆಯದೇ ಒಂದು 25 ಎಂಎಂ ಪೈಪು. ಕರೆಂಟಿನ ವೈರು, ಸಬ್‌ವೂಫರ್ ಕೇಬಲ್ಲು ಎರಡನ್ನೂ ಒಂದೇ ಪೈಪಿನಲ್ಲಿ ತೂರಿಸಲು ಬಿಡಬೇಡಿ, ಆಮೇಲೆ ಗುಂಯ್ ಎನ್ನುವ ಹಮ್ಮಿಂಗ್ ಬಿಡುವುದೇ ಇಲ್ಲ. ಪೈಪು ತೀರ ಸಣ್ಣದಾದರೆ ಕೇಬಲ್ಲಿನ ತುದಿಯ ಪಿನ್ ತಿರುವಿನಲ್ಲಿ ಸಿಕ್ಕಿಕೊಳ್ಳುತ್ತದೆ. ಒಳಗೊಂದು ಎಳೆಯುವ ತಂತಿಯನ್ನು ಬಿಟ್ಟಿರಲು ಹೇಳಿ. ಖರ್ಚು ಸಬ್‌ವೂಫರಿನ ಬೆಲೆಯ ಮುಂದೆ ಏನೇನೂ ಅಲ್ಲ. ಬಳಸದೆ ಉಳಿದ ಪಾಯಿಂಟು ಫ್ಯಾನಿಗೋ ಇಸ್ತ್ರಿಗೋ ಆಗುತ್ತದೆ. ನಿಮ್ಮದು ಮೈವಾನ್ ಗೋಡೆಯಾದರೆ ಕೊರೆಯಲು ಹೋಗಬೇಡಿ, ಅದು ಕಟ್ಟಡದ ಭಾರ ಹೊತ್ತ ಗೋಡೆ, ಅಸೋಸಿಯೇಷನ್ನೂ ಒಪ್ಪುವುದಿಲ್ಲ. ಅಲ್ಲಿ ಸ್ಕರ್ಟಿಂಗಿನ ಮೇಲೆ ಕೇಸಿಂಗ್ ಪಟ್ಟಿ ಓಡಿಸಬಹುದು, ಸಿಗ್ನಲ್ಲಿಗೆ ವೈರ್‌ಲೆಸ್ ಕಿಟ್ ಬಳಸಬಹುದು. ವಿದ್ಯುತ್ ಉಪಕರಣ ಆಗ್ನೇಯದಲ್ಲಿರಲಿ ಎಂದು ಮನೆಯ ಹಿರಿಯರು ಬಯಸಿದರೆ ಆ ಮೂಲೆಗೂ ಒಂದು ಪಾಯಿಂಟ್ ಕೊಡಿಸಿ, ಅದನ್ನೂ ಕೇಳಿ ನೋಡಿ. ಮೂಲೆಯಲ್ಲಿಟ್ಟ ಸಬ್‌ವೂಫರ್ ಕೋಣೆಯ ಎಲ್ಲ ಉಬ್ಬುಗಳನ್ನೂ ಕೆರಳಿಸುತ್ತದೆ ನಿಜ, ಆದರೆ ಕೆಲವು ಕೋಣೆಗಳಲ್ಲಿ ಅದೇ ಚೆನ್ನಾಗಿ ಕೂಡಿಬರುತ್ತದೆ.

ಎದುರುಬದುರು ಗೋಡೆಗಳ ಮಧ್ಯ ಅಂದದ್ದಕ್ಕೆ ಕಾರಣವಿದೆ. ಹರ್ಮನ್ ಕಂಪನಿಯ ಸಂಶೋಧಕ ಟಾಡ್ ವೆಲ್ಟಿ ಆಯತಾಕಾರದ ಕೋಣೆಯಲ್ಲಿ ಎಷ್ಟು ಸಬ್‌ವೂಫರ್ ಇದ್ದರೆ ಸಾಕು ಎಂಬ ಪ್ರಶ್ನೆ ಹಿಡಿದು ಹೊರಟು, 2002ರಲ್ಲಿ ಆಡಿಯೊ ಎಂಜಿನಿಯರಿಂಗ್ ಸೊಸೈಟಿಯ ಮುಂದೆ ಉತ್ತರ ಇಟ್ಟರು. ನಾಲ್ಕಕ್ಕಿಂತ ಹೆಚ್ಚು ಇಟ್ಟು ಹೇಳಿಕೊಳ್ಳುವಂಥ ಲಾಭವಿಲ್ಲ. ಎರಡೇ ಇಡುವುದಾದರೆ ಎದುರುಬದುರು ಗೋಡೆಗಳ ಮಧ್ಯದಲ್ಲಿಡಿ, ಅದೂ ಬಹಳ ಚೆನ್ನಾಗಿರುತ್ತದೆ ಎಂಬುದು ಅವರು ಕಂಡುಕೊಂಡದ್ದು. ಒಂದು ಸಬ್‌ವೂಫರ್ ಮುಂದಿನ ಗೋಡೆಯಿಂದ ಎಬ್ಬಿಸುವ 35 ಹರ್ಟ್ಜ್‌ನ ತೂಗಾಟವನ್ನು ಹಿಂದಿನ ಗೋಡೆಯದು ಎದುರು ದಿಕ್ಕಿನಿಂದ ತಡೆಯುತ್ತದೆ. ಎರಡೂ ಅಗಲದ ಮಧ್ಯದಲ್ಲೇ ಇರುವುದರಿಂದ 47ರ ತೂಗಾಟ ಏಳುವುದೇ ಇಲ್ಲ. ಸೋಫಾದ ಮೂವರೂ ಹೆಚ್ಚುಕಡಿಮೆ ಒಂದೇ ಬೇಸ್ ಕೇಳುತ್ತಾರೆ. ಒಂದು ದೊಡ್ಡ 15 ಇಂಚಿನದಕ್ಕೆ ಹಾಕುವ ದುಡ್ಡಿನಲ್ಲಿ ಎರಡು 10 ಇಂಚಿನವು ಬರುವುದಾದರೆ ನಮ್ಮ ಕಾಂಕ್ರೀಟ್ ಹಾಲ್‌ಗಳಿಗೆ ನಾನು ಎರಡನ್ನೇ ಹೇಳುವುದು. ಈ ವರ್ಷ ಒಂದು, ಮುಂದಿನ ದೀಪಾವಳಿಗೆ ಇನ್ನೊಂದು ಎಂದು ಕೊಂಡರೂ ಸರಿಯೇ, ಪಾಯಿಂಟ್ ಒಂದು ಕಾದಿದ್ದರೆ ಸಾಕು.

ಸಬ್‌ವೂಫರ್ ಆರಿಸುವ ಬಗ್ಗೆಯೂ ಕೇಳುತ್ತೀರಿ, ಹೇಳಿಬಿಡುತ್ತೇನೆ. ವ್ಯಾಟ್ ನೋಡಿ ಮರುಳಾಗಬೇಡಿ. ಪಿಎಂಪಿಒ ಎಂದು ಡಬ್ಬದ ಮೇಲೆ ಸಾವಿರಗಟ್ಟಲೆ ಬರೆಯುತ್ತಿದ್ದ ಕಾಲವನ್ನು ನಾವೆಲ್ಲ ನೋಡಿದ್ದೇವೆ. ಆರ್‌ಎಂಎಸ್ ಎಂದು ಪ್ರಾಮಾಣಿಕವಾಗಿ ಬರೆದಿದ್ದರೂ ವ್ಯಾಟ್ ದುಪ್ಪಟ್ಟಾದರೆ ಸದ್ದು ಹೆಚ್ಚುವುದು ಮೂರೇ ಡೆಸಿಬಲ್. ಬೇಸ್ ಅಂದರೆ ತಳ್ಳಿದ ಗಾಳಿ. ಅಷ್ಟೇ ಜೋರಿನ ಸದ್ದನ್ನು 40 ಹರ್ಟ್ಜ್‌ನಿಂದ 20ಕ್ಕೆ ಇಳಿಸಬೇಕಾದರೆ ನಾಲ್ಕರಷ್ಟು ಗಾಳಿ ತಳ್ಳಬೇಕು. ಆರೂವರೆ ಇಂಚಿನ ಕೋನ್ ಇರುವ, ಸೌಂಡ್‌ಬಾರ್ ಜೊತೆ ಬರುವ ಪೆಟ್ಟಿಗೆಗೆ ಅದು ಆಗದ ಕೆಲಸ. ಕಂಪನಿಯವರೂ ಅದರಿಂದ ಅದನ್ನು ಮಾಡಿಸುವುದಿಲ್ಲ, ಕೆಳಗಿನ ಸ್ವರಗಳನ್ನು ಮೊದಲೇ ಕತ್ತರಿಸಿಬಿಟ್ಟಿರುತ್ತಾರೆ. ಕಿವಿಯೂ ನೆರವಿಗೆ ಬರುವುದಿಲ್ಲ: 20 ಹರ್ಟ್ಜ್‌ನ ಸದ್ದು ಸುಮಾರು 78 ಡೆಸಿಬಲ್ ಮುಟ್ಟುವ ತನಕ ನಮಗೆ ಕೇಳಿಸುವುದೇ ಇಲ್ಲ.

‘20 ಹರ್ಟ್ಜ್‌ವರೆಗೆ’ ಎಂದು ಬರೆದಿದ್ದರೆ ಎಷ್ಟು ಡೆಸಿಬಲ್ ಇಳಿತದಲ್ಲಿ ಎಂದು ಕೇಳಿ. ಮೂರು ಡೆಸಿಬಲ್ ಇಳಿತಕ್ಕೂ ಹತ್ತಕ್ಕೂ ಅಜಗಜಾಂತರ. ಸಿಟಿಎ-2010 ಎಂಬ ಅಳತೆಯ ಕ್ರಮವೊಂದಿದೆ. ಒಂದೊಂದು ಕಂಪನಾಂಕದಲ್ಲೂ ಧ್ವನಿ ಕೆಡದೆ ಎಷ್ಟು ಜೋರಾಗಿ ನುಡಿಸಬಲ್ಲುದು ಎಂದು ಅದು ಹೇಳುತ್ತದೆ. ಆ ಅಂಕಿಗಳನ್ನು ಕೊಡುವ ಕಂಪನಿಯ ಮೇಲೆ ನನಗೆ ಹೆಚ್ಚು ನಂಬಿಕೆ. ಗಾಳಿ ಹೊರಬರುವ ಪೋರ್ಟ್ ಇರುವುದೋ, ಪೂರ್ತಿ ಮುಚ್ಚಿದ ಸೀಲ್ಡೋ ಎಂಬ ಜಗಳದಲ್ಲಿ ನನ್ನ ನಿಲುವು ಸರಳ. ಪೋರ್ಟೆಡ್ ಪೆಟ್ಟಿಗೆ ತನ್ನ ಮಿತಿಯವರೆಗೆ ಜೋರಾಗಿ ನುಡಿದು ಆಮೇಲೆ ಆಕ್ಟೇವಿಗೆ 24 ಡೆಸಿಬಲ್‌ನಂತೆ ಕುಸಿಯುತ್ತದೆ. ಸೀಲ್ಡ್ ಪೆಟ್ಟಿಗೆ 12ರಂತೆ ಮೆಲ್ಲಗೆ ಇಳಿಯುತ್ತದೆ. ಮುಚ್ಚಿದ ಸಣ್ಣ ಕಾಂಕ್ರೀಟ್ ಕೋಣೆ ತೀರ ಕೆಳಗಿನ ಸ್ವರಗಳನ್ನು ತಾನೇ ಎತ್ತಿಕೊಡುವುದರಿಂದ ಅಲ್ಲಿ ಸೀಲ್ಡ್ ಒಳ್ಳೆಯ ಜೋಡಿ. ಹಾಲ್, ಡೈನಿಂಗ್, ಓಪನ್ ಕಿಚನ್ ಎಲ್ಲ ಒಂದೇ ಆಗಿರುವ ಮನೆಯಲ್ಲಿ ಬೇಸ್ ಆ ಇಡೀ ಜಾಗವನ್ನು ತುಂಬಬೇಕು. ಅಲ್ಲಿ 12 ಇಂಚಿನ ಪೋರ್ಟೆಡ್ಡಿಗೆ ಅರ್ಥವಿದೆ. ಪೋರ್ಟು ಹಿಂದೆ ಇದ್ದರೆ ಗೋಡೆಯಿಂದ ನಾಲ್ಕಾರು ಇಂಚು ಬಿಡಿ. ಮುಚ್ಚಿದ ಖಾನೆಯೊಳಗೆ ಮಾತ್ರ ಯಾವುದನ್ನೂ ಇಡಬೇಡಿ: ಹಲಗೆ ಅದುರುತ್ತದೆ, ಆ್ಯಂಪ್ಲಿಫೈಯರ್ ಕಾಯುತ್ತದೆ, ಸದ್ದು ಡಬ್ಬದೊಳಗಿನಿಂದ ಬಂದಂತಾಗುತ್ತದೆ. ನ್ಯೂಜೆರ್ಸಿಯಿಂದ ಬರುವ ಅಣ್ಣನೋ ಅಕ್ಕನೋ ಹೊತ್ತು ತರುವುದಾದರೆ ಹಿಂಬದಿಯಲ್ಲಿ ವೋಲ್ಟೇಜ್ ಏನು ಬರೆದಿದೆ ಎಂದು ಮೊದಲೇ ಫೋಟೊ ತರಿಸಿಕೊಳ್ಳಿ. 120 ವೋಲ್ಟಿನದನ್ನು ನಮ್ಮ 230ಕ್ಕೆ ಚುಚ್ಚಿದರೆ ಮುಗಿಯಿತು.

ಜಾಗ ಸಿಕ್ಕಿತು, ಸಬ್‌ವೂಫರ್ ಕೂತಿತು ಅಂದಮೇಲೆ ರಿಸೀವರಿನ ಮೈಕ್ ಇಟ್ಟು ಆಡಿಸ್ಸಿಯೋ ಡಿರಾಕೋ ಯಾವುದಿದೆಯೋ ಆ ಧ್ವನಿ ತಿದ್ದುವ ತಂತ್ರಾಂಶವನ್ನು ಓಡಿಸಿ. ಉಬ್ಬುಗಳನ್ನು ತಗ್ಗಿಸುವುದರಲ್ಲಿ ಅವು ನಿಜಕ್ಕೂ ಸಮರ್ಥ. ತಗ್ಗನ್ನು ತುಂಬುವುದು ಮಾತ್ರ ಅವುಗಳಿಂದ ಆಗದು. ಹತ್ತು ಡೆಸಿಬಲ್ ಎತ್ತಲು ಹತ್ತರಷ್ಟು ವ್ಯಾಟ್ ಬೇಕು, ಅಷ್ಟನ್ನು ಸುರಿದರೂ ಗೋಡೆಯಿಂದ ಮರಳುವ ಅಲೆ ಅಷ್ಟೇ ಜೋರಾಗಿ ಬಂದು ಅಳಿಸಿಹಾಕುತ್ತದೆ. ಅದಕ್ಕೇ ಜಾಗ ಮೊದಲು, ಯಂತ್ರ ಆಮೇಲೆ. ಮೆನುವಿನಲ್ಲಿ ಸ್ಪೀಕರುಗಳನ್ನು ‘ಸ್ಮಾಲ್’ ಎಂದಿಡಿ, ಗಡಿ 80ರಲ್ಲಿರಲಿ, ಸಬ್‌ವೂಫರಿನ ಹಿಂದಿರುವ ಕ್ರಾಸ್‌ಓವರ್ ತಿರುಪನ್ನು ಪೂರ್ತಿ ಮೇಲಕ್ಕೆ ತಿರುಗಿಸಿ, ಇಲ್ಲದಿದ್ದರೆ ಎರಡೆರಡು ಸಲ ಕತ್ತರಿ ಬೀಳುತ್ತದೆ. ಫೇಸ್ ಸ್ವಿಚ್ಚನ್ನು ಸೊನ್ನೆಗೆ, 180ಕ್ಕೆ ಹಾಕಿ ನೋಡಿ. ಸೀಟಿನಲ್ಲಿ ಕೂತವರಿಗೆ ಯಾವುದರಲ್ಲಿ ಬೇಸ್ ತುಂಬಿ ಬರುತ್ತದೋ ಅದೇ ಸರಿ. ಇನ್ನೂ ಆಸಕ್ತಿಯಿದ್ದವರು ಒಂದು ಯುಎಸ್‌ಬಿ ಮೈಕ್ ಕೊಂಡು ರೂಮ್ ಇಕ್ಯೂ ವಿಜಾರ್ಡ್ ಎಂಬ ಉಚಿತ ತಂತ್ರಾಂಶದಲ್ಲಿ ಅಳೆಯಬಹುದು. ನಿಮ್ಮ ಕೋಣೆಯ ಗೆರೆಯನ್ನು ಒಮ್ಮೆ ಕಂಡರೆ ಈ ಪತ್ರದ ಅರ್ಧ ಮಾತು ಬೇಕಿರಲಿಲ್ಲ ಅನ್ನಿಸುತ್ತದೆ.

ಅದಾದ ಮೇಲೆ 20ರಿಂದ 120 ಹರ್ಟ್ಜ್‌ವರೆಗೆ ನಿಧಾನವಾಗಿ ಏರುವ ಸ್ವರವೊಂದನ್ನು ಹಾಕಿ ಮನೆಯೆಲ್ಲ ಓಡಾಡಿ. ಬೀರುವಿನ ಹಿಡಿ, ಷೋಕೇಸಿನ ಗಾಜು, ಬಾಲ್ಕನಿಯ ಅಲ್ಯೂಮಿನಿಯಂ ಸ್ಲೈಡಿಂಗ್ ಬಾಗಿಲು, ದೇವರ ಮನೆಯ ಬಾಗಿಲಿನ ಗಂಟೆ, ಫಾಲ್ಸ್ ಸೀಲಿಂಗಿನ ದೀಪದ ಬಳೆ, ಒಂದೊಂದೂ ತನ್ನ ಸ್ವರ ಬಂದಾಗ ಕಿರುಗುಟ್ಟುತ್ತದೆ. ಸಬ್‌ವೂಫರ್ ಒಡೆದಿದೆ ಎಂದು ಜನ ವಾಪಸ್ ಕಳಿಸುವ ಸಂದರ್ಭಗಳಲ್ಲಿ ಎಷ್ಟೋ ಸಲ ತಪ್ಪು ಇವುಗಳದ್ದೇ. ಹಾರ್ಡ್‌ವೇರ್ ಅಂಗಡಿಯಲ್ಲಿ ಸಿಗುವ ಅಂಟಿನ ಫೆಲ್ಟ್ ತುಂಡು, ಬಾಗಿಲಿನ ರಬ್ಬರ್ ಪಟ್ಟಿ ಸಾಕು. ಮಕ್ಕಳನ್ನು ಈ ಕೆಲಸಕ್ಕೆ ಹಚ್ಚಿ, ದೊಡ್ಡವರಿಗಿಂತ ಚೆನ್ನಾಗಿ ಹುಡುಕುತ್ತಾರೆ.

ಕಡೆಯದಾಗಿ ನಿಮ್ಮ ಕೆಳಮನೆಯವರ ವಿಷಯ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ವಸತಿ ಪ್ರದೇಶದಲ್ಲಿ ಹಗಲು 55, ರಾತ್ರಿ ಹತ್ತರಿಂದ ಬೆಳಿಗ್ಗೆ ಆರರವರೆಗೆ 45 ಡೆಸಿಬಲ್ ಮಿತಿ. ಫೋನಿನ ಆ್ಯಪ್ ಹಿಡಿದು ‘ನೋಡಿ, 45 ದಾಟಿಲ್ಲ’ ಎಂದು ವಾದಿಸುವವರನ್ನು ಕಂಡಿದ್ದೇನೆ. ಆ ಮಿತಿಯಿರುವುದು ‘ಎ’ ತೂಕದ ಡೆಸಿಬಲ್‌ನಲ್ಲಿ; ಆ ತೂಕ ಬೇಸನ್ನು ಬಹಳವಾಗಿ ಕಡೆಗಣಿಸುತ್ತದೆ. 31.5 ಹರ್ಟ್ಜ್‌ನಲ್ಲಿ ಅದು 39 ಡೆಸಿಬಲ್ ಕಳೆದೇ ತೋರಿಸುವುದು. ನಿಜಕ್ಕೂ 80 ಡೆಸಿಬಲ್‌ನಷ್ಟು ಗುಡುಗು ಕೆಳಮನೆಯಲ್ಲಿ ಕೇಳುತ್ತಿದ್ದರೂ ಮೀಟರಿನಲ್ಲಿ ಬರುವುದು 41. ಮೀಟರ್ ಸುಳ್ಳು ಹೇಳುತ್ತಿಲ್ಲ, ಮಲಗಿರುವ ಅಜ್ಜಿಯೂ ಸುಳ್ಳು ಹೇಳುತ್ತಿಲ್ಲ. ಸಬ್‌ವೂಫರಿನ ಅಡಿಗೆ ಹಾಕುವ ರಬ್ಬರ್ ಪಾದಗಳು ಸ್ಲ್ಯಾಬಿಗೆ ನೇರವಾಗಿ ಇಳಿಯುವ ಅದುರನ್ನು ತಗ್ಗಿಸುತ್ತವೆ, ಹಾಕಿಸಿ. ಆದರೆ ಗಾಳಿಯಲ್ಲಿ ಹೋಗಿ ಸ್ಲ್ಯಾಬನ್ನೇ ಅಲ್ಲಾಡಿಸುವ ಬೇಸನ್ನು ಅವು ತಡೆಯಲಾರವು.

ಆದ್ದರಿಂದ ಎಲ್ಲ ಹೊಂದಿಸಿ ಮುಗಿದ ದಿನ ಕೆಳಮನೆಯ ಬಾಗಿಲು ತಟ್ಟಿ, ಅವರ ಒಪ್ಪಿಗೆ ಕೇಳಿ. ಮೇಲೆ ಮನೆಯವರ್‍ಯಾರಾದರೂ ಸಿನಿಮಾ ಹಾಕಿರಲಿ, ನೀವು ಅವರ ಮಲಗುವ ಕೋಣೆಯಲ್ಲಿ ನಿಂತು ಫೋನಿನಲ್ಲಿ ‘ಇನ್ನೂ ಇಳಿಸು’ ಎನ್ನುತ್ತ ಹೋಗಿ. ಅಲ್ಲಿ ಕೇಳಿಸದ ಮಟ್ಟಕ್ಕೆ ಬಂದಾಗ ವಾಲ್ಯೂಮಿನ ಸಂಖ್ಯೆ ಬರೆದುಕೊಳ್ಳಿ. ಹತ್ತು ಗಂಟೆಯ ನಂತರ ನಿಮ್ಮ ಮನೆಯ ಮಿತಿ ಆ ಸಂಖ್ಯೆ. ರಿಸೀವರಿನ ನೈಟ್ ಮೋಡನ್ನೂ ಹಾಕಿಕೊಳ್ಳಿ, ಮಾತು ಸ್ಪಷ್ಟವಾಗಿದ್ದು ಸ್ಫೋಟಗಳು ತಗ್ಗುತ್ತವೆ. ಅವರ ಫೋನ್ ನಂಬರ್ ಪಡೆದು, ‘ಜಾಸ್ತಿ ಅನ್ನಿಸಿದರೆ ಒಂದು ಮೆಸೇಜ್ ಹಾಕಿ, ತಕ್ಷಣ ಇಳಿಸುತ್ತೇವೆ’ ಎಂದು ಹೇಳಿ ಬನ್ನಿ.

ಡ್ರಾಯಿಂಗ್ ಇನ್ನೂ ಕಾಗದದ ಮೇಲಿರುವವರು ಇವತ್ತೇ ನಿಮ್ಮ ಎಲೆಕ್ಟ್ರಿಷಿಯನ್ ಜೊತೆ ಆ ನಾಲ್ಕು ಪಾಯಿಂಟುಗಳ ಮಾತಾಡಿ.

ಇಂತಿ ನಿಮ್ಮ ವಿಶ್ವಾಸಿ,
ಬೆಂಗಳೂರಿನ ಒಬ್ಬ ಧ್ವನಿ ಕೆಲಸಗಾರ